ಹೊಸ ಬ್ರೌಸರ್, ಹಳೆಯ ಒತ್ತಕ್ಷರ

ಅಂತರಜಾಲದ ಪುಟಗಳನ್ನು ದೂರದ ಕಂಪ್ಯೂಟರಿನಿಂದ ತರಿಸಿ ಓದುಗರ ತೆರೆಯ ಮೇಲೆ ಇಡುವ ತಂತ್ರಾಂಶವೇ ಬ್ರೌಸರ್. ಹೊಸದೊಂದು ಬ್ರೌಸರ್ ಬಂದಾಗ ಇಂಗ್ಲಿಷ್ ಓದುವವರು ಅದರ ವೇಗ ನೋಡುತ್ತಾರೆ, ಗುಂಡಿಗಳು ಎಲ್ಲಿವೆಯೆಂದು ಹುಡುಕುತ್ತಾರೆ, ಹಳೆಯದನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಕನ್ನಡ ಓದುವವರ ಪರೀಕ್ಷೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬೇರೆಯೇ ಆಗಿತ್ತು. ಕನ್ನಡದ ಒಂದು ಪುಟ ತೆರೆಯುವುದು, ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತಿವೆಯೇ ಎಂದು ನೋಡುವುದು. ಕೂತಿದ್ದರೆ ಮಾತ್ರ ಉಳಿದ ಗುಣಗಳ ವಿಚಾರ.

ಈ ಪರೀಕ್ಷೆಗೆ ಮಂಡ್ಯ ಜಿಲ್ಲೆಯ ಊರ ಹೆಸರುಗಳು ಹೇಳಿ ಮಾಡಿಸಿದಂತಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಬರುವ ಮುನ್ನ ಸಿಗುವ ನಿಡಘಟ್ಟವನ್ನೇ ತೆಗೆದುಕೊಳ್ಳಬಹುದು. ಕಾಗದದ ಮೇಲೆ ಅದು ನಾಲ್ಕು ಅಕ್ಷರ. ಕಂಪ್ಯೂಟರಿನ ಸ್ಮೃತಿಯಲ್ಲಿ ಏಳು ಸಂಕೇತ: ನ, ಗುಡಿಸು, ಡ, ಘ, ಟ, ಹಲಂತ, ಮತ್ತೊಂದು ಟ. ಈ ಏಳನ್ನು ನಾಲ್ಕಾಗಿ ಕೂಡಿಸಿ, ಎರಡನೆಯ ಟಕಾರವನ್ನು ಮೊದಲನೆಯದರ ಕೆಳಗೆ ಒತ್ತಾಗಿ ಇಳಿಸುವುದು ಬ್ರೌಸರ್, ಕಾರ್ಯಾಚರಣ ವ್ಯವಸ್ಥೆ ಮತ್ತು ಫಾಂಟು ಮೂರೂ ಸೇರಿ ಮಾಡಬೇಕಾದ ಕೆಲಸ. ಮೂರರಲ್ಲಿ ಯಾವುದೊಂದು ಕೈಕೊಟ್ಟರೂ ತೆರೆಯ ಮೇಲೆ ‘ನಿಡಘಟ್‌ಟ’ ಮೂಡುತ್ತದೆ. ಮದ್ದೂರು ‘ಮದ್‌ದೂರು’ ಆಗುತ್ತದೆ, ಮಂಡ್ಯ ‘ಮಂಡ್‌ಯ’ ಆಗುತ್ತದೆ, ಮಳವಳ್ಳಿಗೂ ಅದೇ ಗತಿ. ಕನ್ನಡನಾಡಿನಲ್ಲಿ ಬ್ರೌಸರಿನ ಚರಿತ್ರೆ ಬಹುಮಟ್ಟಿಗೆ ಈ ಒಡೆದ ಒತ್ತು ಸರಿಹೋದ ಚರಿತ್ರೆ.

ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರನ್ನು ಬರೆದದ್ದು 1990ರ ಕೊನೆಯಲ್ಲಿ, ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದ ಮೊಸೇಕ್, ಬರಹದ ನಡುವೆಯೇ ಚಿತ್ರಗಳನ್ನೂ ತೋರಿಸಿ ಜನಪ್ರಿಯವಾಯಿತು. ಅದನ್ನು ಕಟ್ಟಿದವರಲ್ಲಿ ಕೆಲವರು ಹೊರಬಂದು 1994ರ ಡಿಸೆಂಬರಿನಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ತಂದರು. ವಿದೇಶ ಸಂಚಾರ ನಿಗಮ ಭಾರತದ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಡುಗಡೆಯಾದದ್ದು ಮರುದಿನ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಮುಂದಿನ ಹತ್ತು ವರ್ಷ ಈ ದೇಶದ ಬಹುಪಾಲು ಜನ ಅಂತರಜಾಲವನ್ನು ಕಂಡದ್ದು ಆ ನೀಲಿ ‘ಇ’ ಅಕ್ಷರದ ಮೂಲಕವೇ.

ಮೊದಲ ಸೇವೆ ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಗೆ ಸಿಕ್ಕಿತು. ಬೆಂಗಳೂರಿಗೆ ಸ್ವಲ್ಪ ತಡವಾಗಿ ಬಂತು. ಆಗ ಚಂದಾದಾರರಲ್ಲಿ ಎರಡು ಜಾತಿ. ದುಬಾರಿ ಖಾತೆಯವರಿಗೆ ಚಿತ್ರ ಕಾಣುವ ಬ್ರೌಸರ್ ಓಡುತ್ತಿತ್ತು. ಅಗ್ಗದ ಖಾತೆಯವರಿಗೆ ಲಿಂಕ್ಸ್ ಎಂಬ, ಬರೀ ರೋಮನ್ ಅಕ್ಷರ ತೋರಿಸುವ ಬ್ರೌಸರೇ ಗತಿ. ಅದರಲ್ಲಿ ಕನ್ನಡವನ್ನು ಕಾಣುವ ಮಾತೇ ಇರಲಿಲ್ಲ. ಹೊರದೇಶದಲ್ಲಿದ್ದ ಕನ್ನಡಿಗರು ತಮ್ಮೊಳಗೆ ಬರೆದುಕೊಳ್ಳುತ್ತಿದ್ದ ಕನ್ನಡವೂ ರೋಮನ್ ಲಿಪಿಯದೇ.

ಹಾಗೆಂದು ಕಂಪ್ಯೂಟರಿನಲ್ಲಿ ಕನ್ನಡ ಆಗ ಹೊಸದೇನೂ ಅಲ್ಲ. ಎಂಬತ್ತರ ದಶಕದಿಂದಲೇ ಅಚ್ಚುಮನೆಗಳಲ್ಲಿ ಕನ್ನಡ ಅಕ್ಷರ ಜೋಡಣೆ ನಡೆದಿತ್ತು. ಕೆ.ಪಿ. ರಾವ್ ಅವರು ರೂಪಿಸಿದ, ಧ್ವನಿಗೆ ತಕ್ಕಂತೆ ಒತ್ತುವ ಕೀಲಿಮಣೆ ವಿನ್ಯಾಸ ಬಳಕೆಗೆ ಬಂದಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿ ಒದಗಿಸಿದ ಇಸ್ಕಿ ಶಿಷ್ಟತೆ 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗವಿತ್ತು. ಪಟ್ಟಿಯಲ್ಲಿ ಜಾಗ ಸಿಕ್ಕರೂ ತೆರೆಯ ಮೇಲೆ ಜಾಗ ಸಿಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಕನ್ನಡವನ್ನು ಬ್ರೌಸರಿನೊಳಗೆ ತೂರಿಸಲು ಜನ ಕಂಡುಕೊಂಡ ದಾರಿಗಳು ಮೂರು, ಮೂರೂ ಒಂದೊಂದು ಬಗೆಯ ಉಪಾಯ.

ಮೊದಲನೆಯದು ಅಕ್ಷರಗಳನ್ನೇ ಚಿತ್ರವಾಗಿಸುವುದು. ಬೇರೆ ತಂತ್ರಾಂಶದಲ್ಲಿ ಬರೆದ ಕನ್ನಡ ಪುಟವನ್ನು ಚಿತ್ರವಾಗಿ ಉಳಿಸಿ ಜಾಲತಾಣದಲ್ಲಿ ಹಾಕಿದರೆ ಯಾವ ಬ್ರೌಸರಿನಲ್ಲಿಯೂ ಅದು ಕೆಡುವುದಿಲ್ಲ. ಆದರೆ ದೂರವಾಣಿ ತಂತಿಯ ಮೂಲಕ ನಿಧಾನವಾಗಿ ಸಂಪರ್ಕ ಪಡೆಯುತ್ತಿದ್ದ ಕಾಲದಲ್ಲಿ ಪುಟವೊಂದು ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಇಳಿಯುವುದನ್ನು ಕಾಯುತ್ತ ಕೂರಬೇಕಿತ್ತು, ಅಷ್ಟರಲ್ಲಿ ದೂರವಾಣಿ ಬಿಲ್ಲು ಏರುತ್ತಿತ್ತು.

ಎರಡನೆಯದು ಫಾಂಟಿನ ವೇಷ. ಕಂಪ್ಯೂಟರಿಗೆ ಗೊತ್ತಿರುವುದು ರೋಮನ್ ಅಕ್ಷರಗಳ ಸಂಕೇತ ಮಾತ್ರ; ಆ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟು ಮಾಡಿದರೆ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್. ತಲೆಕಟ್ಟು, ಕೊಂಬು, ಒತ್ತು ಎಲ್ಲ ಬೇರೆಬೇರೆ ತುಂಡುಗಳಾಗಿರುವುದರಿಂದ ನಿಡಘಟ್ಟದ ಒತ್ತು ಕೂಡ ತನ್ನ ಜಾಗದಲ್ಲೇ ಬೀಳುತ್ತದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಹೊರಬಂದು ಮನೆಮನೆಗೆ ತಲುಪಿದ್ದು, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ರಾಜ್ಯ ಸರಕಾರದ ಕಚೇರಿಗಳಲ್ಲಿ ನೆಲೆಯೂರಿದ್ದು ಈ ವಿಧಾನದ ಮೇಲೆಯೇ. ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟು ಇಲ್ಲದಿದ್ದರೆ ಮಾತ್ರ ವೇಷ ಕಳಚಿ, ರೋಮನ್ ಅಕ್ಷರ, ಪೌಂಡ್ ಗುರುತು, ಐರೋಪ್ಯ ಸ್ವರಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತಿತ್ತು. ಆದ್ದರಿಂದ ಕನ್ನಡ ತಾಣಗಳ ಮೊದಲ ಪುಟದಲ್ಲಿ ಓದುಗರನ್ನು ಎದುರುಗೊಳ್ಳುತ್ತಿದ್ದ ಮೊದಲ ವಾಕ್ಯ, ಅದೂ ಇಂಗ್ಲಿಷಿನಲ್ಲಿ, ಫಾಂಟನ್ನು ಇಳಿಸಿಕೊಳ್ಳಿ ಎಂಬ ಸೂಚನೆ.

ಮೂರನೆಯದು ಬ್ರೌಸರಿನಿಂದಲೇ ಬಂದ ಪರಿಹಾರ, ಮತ್ತು ಮೂರರಲ್ಲಿ ಅತ್ಯಂತ ಕುತೂಹಲದ್ದು. 1997ರಲ್ಲಿ ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಎರಡೂ ತಮ್ಮ ನಾಲ್ಕನೆಯ ಆವೃತ್ತಿಯ ಬ್ರೌಸರುಗಳನ್ನು ತಂದವು. ಎರಡಕ್ಕೂ ಪುಟದ ಜೊತೆಗೇ ಫಾಂಟನ್ನೂ ತರಿಸಿಕೊಳ್ಳುವ ಶಕ್ತಿಯಿತ್ತು. ಓದುಗರು ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಪುಟ ಮುಚ್ಚಿದರೆ ಫಾಂಟೂ ಮರೆಯಾಗುತ್ತದೆ. ಈ ಸೌಲಭ್ಯವನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಇಂಗ್ಲಿಷ್ ಪುಟಗಳ ಅಲಂಕಾರ. ಅದರ ನಿಜವಾದ ಉಪಯೋಗ ಕಂಡುಕೊಂಡವರು ಭಾರತೀಯ ಭಾಷೆಗಳ ಪತ್ರಿಕೆಗಳು. ಆದರೆ ಎರಡು ಕಂಪನಿಗಳ ಫಾಂಟು ಕಡತಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ನೆಟ್‌ಸ್ಕೇಪಿಗಾಗಿ ಮಾಡಿದ್ದು ಎಕ್ಸ್‌ಪ್ಲೋರರಿನಲ್ಲಿ ಕೆಲಸ ಮಾಡದು, ಎಕ್ಸ್‌ಪ್ಲೋರರಿನದು ನೆಟ್‌ಸ್ಕೇಪಿನಲ್ಲಿ ಮಾಡದು. ಇಬ್ಬರನ್ನೂ ತೃಪ್ತಿಪಡಿಸಲು ತಾಣದವರು ಎರಡೆರಡು ಬಗೆ ಫಾಂಟು ಸಿದ್ಧಪಡಿಸಬೇಕಿತ್ತು. ಎಕ್ಸ್‌ಪ್ಲೋರರ್ ವಿಂಡೋಸ್ ಜೊತೆಗೇ ಬರತೊಡಗಿ ನೆಟ್‌ಸ್ಕೇಪ್ ಸೊರಗಿದ ಮೇಲೆ ಹೆಚ್ಚಿನವರು ಒಂದನ್ನೇ ಉಳಿಸಿಕೊಂಡರು. ಹೀಗೆ ಕನ್ನಡದ ಎಷ್ಟೋ ತಾಣಗಳು ತಮಗೆ ಅರಿವಿಲ್ಲದೆಯೇ ಒಂದು ಕಂಪನಿಯ ಬ್ರೌಸರಿಗೆ ಕಟ್ಟುಬಿದ್ದವು.

ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ ಶುರುವಾದದ್ದು ಇದಕ್ಕೂ ಮೊದಲು, 1996ರ ಡಿಸೆಂಬರಿನಲ್ಲಿ. ಅದನ್ನು ನಡೆಸಿದ ಯು.ಬಿ. ಪವನಜ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಮುಂದೆ ಕನ್ನಡ ಗಣಕ ಪರಿಷತ್ತಿನ ಕೆಲಸದಲ್ಲೂ ತೊಡಗಿದರು. ಹೊಸ ಶತಮಾನ ಬರುವ ಹೊತ್ತಿಗೆ ದಿನಪತ್ರಿಕೆಗಳೂ ಸುದ್ದಿ ತಾಣಗಳೂ ಸಾಲಾಗಿ ಜಾಲಕ್ಕೆ ಬಂದವು. ತಾಣಕ್ಕೊಂದು ಫಾಂಟು, ಫಾಂಟಿಗೊಂದು ಸಂಕೇತ ಕ್ರಮ. ಒಂದರಿಂದ ನಕಲು ತೆಗೆದು ಇನ್ನೊಂದರಲ್ಲಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರರಾಶಿ. ಹುಡುಕು ಯಂತ್ರಗಳಿಗೆ ಅದು ಕನ್ನಡವೆಂದೇ ಗೊತ್ತಾಗುತ್ತಿರಲಿಲ್ಲ. ಆ ವರ್ಷಗಳಲ್ಲಿ ಬರೆದ ಕನ್ನಡದ ದೊಡ್ಡ ಭಾಗವನ್ನು ಇಂದು ಹುಡುಕಿ ತೆಗೆಯುವುದು ಕಷ್ಟ. ತಾಳೆಗರಿಯನ್ನು ಉಳಿಸಿಕೊಂಡ ನಾಡು ತನ್ನ ಮೊದಲ ಹತ್ತು ವರ್ಷದ ಜಾಲಬರಹವನ್ನು ಬಹುಪಾಲು ಕಳೆದುಕೊಂಡಿತು ಎಂದರೆ ತಪ್ಪಲ್ಲ.

ಈ ಬ್ರೌಸರುಗಳನ್ನು ಜನ ಮೊದಲು ಕಂಡದ್ದು ಸ್ವಂತ ಕಂಪ್ಯೂಟರಿನಲ್ಲಲ್ಲ. 1996ರ ಜುಲೈ 11ರಂದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಆಗ ಸೈಬರ್ ಕೆಫೆಯೂ ಆಗಿತ್ತು. ಕಾಫಿಯ ಜೊತೆಗೆ ಗಂಟೆ ಲೆಕ್ಕದಲ್ಲಿ ಅಂತರಜಾಲ. 1998ರ ನವೆಂಬರಿನಲ್ಲಿ ಕೇಂದ್ರ ಸರಕಾರ ಖಾಸಗಿ ಸಂಸ್ಥೆಗಳಿಗೂ ಅಂತರಜಾಲ ಸೇವೆಯ ಬಾಗಿಲು ತೆರೆದ ಮೇಲೆ ಸೈಬರ್ ಕೆಫೆಗಳು ಜಿಲ್ಲಾ ಕೇಂದ್ರಗಳಿಗೂ ಅಲ್ಲಿಂದ ತಾಲ್ಲೂಕು ಕೇಂದ್ರಗಳಿಗೂ ಹಬ್ಬಿದವು. ಹೆದ್ದಾರಿ ಬದಿಯ ಹಳ್ಳಿಯವರಿಗೆ ಅಂತರಜಾಲವೆಂದರೆ ಬಸ್ಸು ಹತ್ತಿ ಹೋಗಬೇಕಾದ ಜಾಗ. ಪ್ಲೈವುಡ್ ಹಲಗೆಯ ಗೂಡುಗಳು, ಗೋಡೆಯ ಮೇಲೆ ದರಪಟ್ಟಿ, ಹೆಸರು ವಿಳಾಸ ಬರೆಯುವ ಪುಸ್ತಕ, ವಿಂಡೋಸ್ 98 ಹಾಕಿದ ಯಂತ್ರ. ಅಲ್ಲಿ ಬ್ರೌಸರನ್ನು ಆರಿಸಿಕೊಳ್ಳುವ ಹಕ್ಕು ಗಿರಾಕಿಗೆ ಇರಲಿಲ್ಲ. ಮಾಲೀಕ ಹಾಕಿದ್ದೇ ಬ್ರೌಸರ್. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶಗಳು ಜಾಲದಲ್ಲಿ ಪ್ರಕಟವಾಗತೊಡಗಿದ ಮೇಲೆ ಆ ದಿನ ಕೆಫೆಯ ಬಾಗಿಲಲ್ಲಿ ಸಾಲು. ಎಷ್ಟೋ ತಂದೆತಾಯಿಯರು ಮೊದಲ ಬಾರಿ ಬ್ರೌಸರ್ ಎಂಬುದನ್ನು ನೋಡಿದ್ದು ಮಕ್ಕಳ ನೋಂದಣಿ ಸಂಖ್ಯೆಯ ನೆಪದಲ್ಲಿ, ಅದೂ ಕೆಫೆಯ ಹುಡುಗನ ಹೆಗಲ ಮೇಲಿಂದ ಇಣುಕಿ.

ರೈತರಿಗೆ ಕಂಪ್ಯೂಟರ್ ಎದುರಾದದ್ದು ಇನ್ನೊಂದು ದಾರಿಯಿಂದ. ಕರ್ನಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ 2001–02ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಆಗಿದ್ದ 177 ತಾಲ್ಲೂಕುಗಳ ಕಚೇರಿಗಳಲ್ಲಿ ಕಿಟಕಿ ತೆರೆದು, 15 ರೂಪಾಯಿಗೆ ಒಂದು ಪಹಣಿ ಕೊಡತೊಡಗಿತು. ಮದ್ದೂರು ತಾಲ್ಲೂಕಿನ ಹಳ್ಳಿಗಳವರೂ ಕೈಬರಹದ ಪಹಣಿ ಬಿಟ್ಟು ಅಚ್ಚಾದ ಪಹಣಿ ಹಿಡಿದದ್ದು ಆಗಲೇ. ಆ ವ್ಯವಸ್ಥೆ ಕಚೇರಿಯ ಒಳಗಿನದು, ಅದಕ್ಕೆ ಬ್ರೌಸರಿನ ಹಂಗಿರಲಿಲ್ಲ. ಪಹಣಿ ಬ್ರೌಸರಿಗೆ ಬಂದದ್ದು ಆಮೇಲೆ. ಆದರೆ ಅದು ಒಂದು ನಿರೀಕ್ಷೆಯನ್ನು ಹುಟ್ಟಿಸಿತು: ಕಂಪ್ಯೂಟರಿನಿಂದ ಬರುವ ಕಾಗದದಲ್ಲಿ ಊರಿನ ಹೆಸರು, ಹಿಸ್ಸೆ, ಬಾಬತ್ತು ಎಲ್ಲವೂ ಕನ್ನಡದಲ್ಲಿ, ತಪ್ಪಿಲ್ಲದೆ ಇರಬೇಕು ಎಂಬುದು. ಪೇಟೆಯ ಬ್ರೌಸರುಗಳು ಆ ಮಟ್ಟ ಮುಟ್ಟಲು ಇನ್ನೂ ಕಾಲವಿತ್ತು.

2001ರ ಆಗಸ್ಟಿನಲ್ಲಿ ಎಕ್ಸ್‌ಪ್ಲೋರರ್ 6 ಬಂತು, ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ. ಕನ್ನಡದ ಮಟ್ಟಿಗೆ ಎರಡನೆಯದೇ ದೊಡ್ಡ ಘಟನೆ. ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಮಾತ್ರ ಯೂನಿಕೋಡ್ ಬೆಂಬಲವಿತ್ತು. ಎಕ್ಸ್‌ಪಿಯಲ್ಲಿ ಕನ್ನಡವೂ ಸೇರಿ, ಜೊತೆಗೆ ‘ತುಂಗಾ’ ಎಂಬ ಕನ್ನಡ ಫಾಂಟು ಬಂತು. ಇನ್ನು ಮೇಲೆ ಫಾಂಟಿನ ವೇಷ ಬೇಕಿಲ್ಲ. ಟ ಎಂದರೆ ಟಕಾರವೇ ಎಂದು ಯಂತ್ರಕ್ಕೆ ಗೊತ್ತು, ಒತ್ತನ್ನು ಎಲ್ಲಿಡಬೇಕೆಂದೂ ಗೊತ್ತು. ಆದರೆ ಇಷ್ಟೆಲ್ಲ ಎಕ್ಸ್‌ಪಿಯೊಳಗೆ ಮುಚ್ಚಿಟ್ಟಿತ್ತು. ಕಂಟ್ರೋಲ್ ಪ್ಯಾನೆಲ್ ತೆರೆದು, ಪ್ರಾದೇಶಿಕ ಭಾಷೆಗಳ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಮುಂದಿನ ಚೌಕದಲ್ಲಿ ಗುರುತು ಹಾಕಿ, ವಿಂಡೋಸಿನ ಸಿಡಿ ಹಾಕಿದರೆ ಮಾತ್ರ ಕನ್ನಡ ಏಳುತ್ತಿತ್ತು. ಸಿಡಿ ಎಷ್ಟು ಜನರ ಬಳಿ ಇತ್ತು ಎಂಬುದು ಬೇರೆ ಮಾತು. ಆ ಚೌಕದ ಕಥೆಯನ್ನು ಮತ್ತೆ ಮತ್ತೆ ವಿವರಿಸುವುದೇ ಕನ್ನಡ ತಾಣಗಳ ಸಹಾಯ ಪುಟಗಳ ಮುಖ್ಯ ಕೆಲಸವಾಗಿತ್ತು.

ತುಂಗಾ ಬಂದರೂ ಎಲ್ಲ ಸರಿಹೋಗಲಿಲ್ಲ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ಕೊನೆಗೆ ಹೋಗಬೇಕು, ‘ರ‍್ಯಾಂಕ್’ನಲ್ಲಿ ಮುಂದೆಯೇ ನಿಲ್ಲಬೇಕು. ಯಂತ್ರಕ್ಕೆ ಇವೆರಡರ ಭೇದ ತಿಳಿಸಲು ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಬೇಕು, ಆ ಚಿಹ್ನೆಯನ್ನು ಬ್ರೌಸರು ಗೌರವಿಸಬೇಕು. ಹಲವು ವರ್ಷ ಗೌರವಿಸಲಿಲ್ಲ. ಫಲಿತಾಂಶದ ಸುದ್ದಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದವೇ ಹೀಗೆ ಕೆಟ್ಟು ಕಾಣುತ್ತಿದ್ದುದನ್ನು ಕಂಡು ಕೆಲವರು ‘ರ’ಕಾರದ ಬದಲು ‘ಱ’ ಬಳಸಿ ಬರೆಯುವ ತಮಾಷೆಯ ದಾರಿಯನ್ನೂ ಹಿಡಿದರು.

ಯೂನಿಕೋಡನ್ನು ನಂಬಿ ಕಟ್ಟಿದ ತಾಣಗಳಿಂದ ಬಳಕೆ ಬಲಗೊಂಡಿತು. ಕನ್ನಡ ವಿಕಿಪೀಡಿಯ 2003ರ ಜೂನಿನಲ್ಲಿ ಶುರುವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ವನ್ನು ಆರಂಭಿಸಿದರು. ಇಂಥ ತಾಣಗಳಲ್ಲಿ ಬರೆಯುತ್ತಿದ್ದವರೇ ಹೊಸ ಬ್ರೌಸರುಗಳ ಮೊದಲ ಕನ್ನಡ ಪರೀಕ್ಷಕರೂ ಆದರು. ಏಕೆಂದರೆ 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಹೊರಬಂದಿತ್ತು. ಎಕ್ಸ್‌ಪ್ಲೋರರಿನ ಏಕಸ್ವಾಮ್ಯಕ್ಕೆ ಬಂದ ಮೊದಲ ಗಟ್ಟಿ ಸವಾಲದು. ಒಂದೇ ಕಿಟಕಿಯೊಳಗೆ ಹಲವು ಪುಟಗಳನ್ನು ಟ್ಯಾಬ್‌ಗಳಲ್ಲಿ ತೆರೆಯಬಹುದಿತ್ತು, ತಾನಾಗಿ ಏಳುವ ಜಾಹೀರಾತು ಕಿಟಕಿಗಳನ್ನು ತಡೆಯಬಹುದಿತ್ತು, ಮೂಲ ಸಂಕೇತ ಎಲ್ಲರಿಗೂ ತೆರೆದಿತ್ತು. ಮೆಚ್ಚಲು ಬೇಕಾದ್ದೆಲ್ಲ ಇತ್ತು.

ಒತ್ತಕ್ಷರ ಮಾತ್ರ ಇಲ್ಲಿಯೂ ಕೈಕೊಟ್ಟಿತು. ಲಿನಕ್ಸಿನಲ್ಲಿ ಪ್ಯಾಂಗೊ ಎಂಬ ಅಕ್ಷರ ಜೋಡಣೆಯ ಘಟಕವನ್ನು ಬೇರೆಯಾಗಿ ಚಾಲನೆ ಮಾಡದಿದ್ದರೆ ಕನ್ನಡ ಒಡೆದು ಬೀಳುತ್ತಿತ್ತು. ವಿಂಡೋಸಿನಲ್ಲಿ ಸಾಮಾನ್ಯ ಪುಟಗಳು ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ಸಾಲಿನ ಎರಡೂ ಅಂಚುಗಳನ್ನು ಸಮ ಮಾಡಿದ ಪುಟ ಬಂತೆಂದರೆ ಬ್ರೌಸರು ಅಕ್ಷರ ಅಕ್ಷರದ ನಡುವೆ ಜಾಗ ಹಂಚಲು ಹೋಗಿ ಒತ್ತನ್ನು ಮೂಲಾಕ್ಷರದಿಂದ ಕಿತ್ತು ಹಾಕುತ್ತಿತ್ತು. ಅಚ್ಚಿನ ಅಭ್ಯಾಸದಿಂದ ಬಂದ ಪತ್ರಿಕೆಗಳಿಗೆ ಅಂಚು ಸಮ ಇರುವುದೇ ಅಂದ. ಆದ್ದರಿಂದ ಪತ್ರಿಕೆಯ ತಾಣಗಳೇ ಈ ದೋಷಕ್ಕೆ ಹೆಚ್ಚು ಸಿಕ್ಕಿಬಿದ್ದವು. ಹೊಸ ಬ್ರೌಸರನ್ನು ಉತ್ಸಾಹದಿಂದ ಹಾಕಿಕೊಂಡು, ಒಂದು ಕನ್ನಡ ಪುಟ ನೋಡಿ, ಮತ್ತೆ ನೀಲಿ ‘ಇ’ಗೆ ಮರಳಿದ ಓದುಗರು ಕಡಿಮೆಯಲ್ಲ. 2008ರ ಜೂನ್ 17ರಂದು ಬಂದ ಫೈರ್‌ಫಾಕ್ಸ್ 3 ತನ್ನ ಚಿತ್ರಣ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿಕೊಂಡಿತ್ತು. ಒಂದೇ ದಿನದಲ್ಲಿ 80 ಲಕ್ಷ ಬಾರಿ ಇಳಿಸಿಕೊಂಡ ತಂತ್ರಾಂಶವೆಂದು ಗಿನ್ನೆಸ್ ದಾಖಲೆ ಸೇರಿದ ಆವೃತ್ತಿ ಅದು. ಭಾರತೀಯ ಭಾಷೆಗಳ ಓದುಗರಿಗೆ ದಾಖಲೆಗಿಂತ ಮುಖ್ಯವಾದದ್ದು ಒತ್ತಕ್ಷರ ಸ್ವಸ್ಥಾನಕ್ಕೆ ಬಂದದ್ದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೂಗಲಿನ ಕ್ರೋಮ್ ಬಂತು. ಅದರ ವೇಗಕ್ಕೆ ಎಲ್ಲರೂ ಮಾರುಹೋದರು.

ಬ್ರೌಸರಿನ ಮೆನುಗಳನ್ನೇ ಕನ್ನಡಕ್ಕೆ ತರುವ ಕೆಲಸವೂ ಈ ನಡುವೆ ನಡೆದಿತ್ತು. ಕೇಂದ್ರ ಸರಕಾರ 2005ರಿಂದ ಭಾಷೆಗೊಂದರಂತೆ ಹಂಚಿದ ಉಚಿತ ತಂತ್ರಾಂಶಗಳ ಸಿಡಿಗಳಲ್ಲಿ ಆಯಾ ಭಾಷೆಯ ಫೈರ್‌ಫಾಕ್ಸ್ ಇತ್ತು. ಫೈರ್‌ಫಾಕ್ಸ್ ರೂಪಿಸುವ ಮೊಝಿಲ್ಲ ಸಂಸ್ಥೆಯ ಸ್ವಯಂಸೇವಕರು ಕನ್ನಡ ಆವೃತ್ತಿಯನ್ನು ಮುಂದೆ ನಿರಂತರ ನಡೆಸಿಕೊಂಡು ಬಂದರು. ಆದರೆ ಕನ್ನಡ ಮೆನುವನ್ನು ಬಳಸಿದವರು ಕಡಿಮೆ. ‘ಫೈಲ್’, ‘ಎಡಿಟ್’ಗಳಿಗೆ ಒಗ್ಗಿದ ಕಣ್ಣಿಗೆ ‘ಕಡತ’, ‘ಸಂಪಾದನೆ’ ಅಪರಿಚಿತ. ಓದುಗರಿಗೆ ಬೇಕಿದ್ದುದು ಪುಟದೊಳಗಿನ ಕನ್ನಡ, ಅಂಚಿನದಲ್ಲ.

2010ರ ಜುಲೈನಲ್ಲಿ ಬೆಂಗಳೂರಿನಿಂದಲೇ ಒಂದು ಬ್ರೌಸರ್ ಹೊರಬಂದದ್ದು ಈ ಚರಿತ್ರೆಯ ವಿಶೇಷ ಅಧ್ಯಾಯ. ಅಲೋಕ್ ಭಾರದ್ವಾಜ್ ಸ್ಥಾಪಿಸಿದ ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆ ‘ಎಪಿಕ್’ ಎಂಬ ಹೆಸರಿನಲ್ಲಿ ಅದನ್ನು ಭಾರತದ ಮೊದಲ ಬ್ರೌಸರೆಂದು ಬಿಡುಗಡೆ ಮಾಡಿತು. ಒಳಗಿನ ಯಂತ್ರ ಮೊಝಿಲ್ಲದ್ದು, ಅಂದರೆ ಫೈರ್‌ಫಾಕ್ಸಿನದೇ. ಹೊರಗಿನ ಸಜ್ಜಿಕೆ ಮಾತ್ರ ಪೂರ್ತಿ ದೇಶೀಯ. ಎಡಬದಿಯಲ್ಲಿ ಉದ್ದಕ್ಕೂ ಚಿಕ್ಕ ಚಿಕ್ಕ ಚಿತ್ರಗುಂಡಿಗಳ ಪಟ್ಟಿ: ಒಂದು ಒತ್ತಿದರೆ ಸುದ್ದಿ, ಇನ್ನೊಂದಕ್ಕೆ ವಿಡಿಯೊ, ಮತ್ತೊಂದಕ್ಕೆ ಬರೆಯುವ ಹಲಗೆ. ವೈರಸ್ ತಪಾಸಣೆ ಬ್ರೌಸರಿನೊಳಗೇ ಇತ್ತು. ಹನ್ನೆರಡು ಭಾರತೀಯ ಭಾಷೆಗಳಲ್ಲಿ ಟೈಪಿಸುವ ಅನುಕೂಲವಿತ್ತು, ಅದರಲ್ಲಿ ಕನ್ನಡವೂ ಒಂದು. ಭಾರತದ ಕಲೆ, ಊರು, ಹಬ್ಬ, ಕ್ರಿಕೆಟ್ ಚಿತ್ರಗಳ ನೂರಾರು ಹಿನ್ನೆಲೆಗಳಿದ್ದವು.

ಎಪಿಕ್ ಬಗ್ಗೆ ಆಗ ಮೂಡಿದ ಮೊದಲ ಅಭಿಪ್ರಾಯಗಳು ಎರಡು ಬಗೆ. ಸ್ವದೇಶಿ ಎಂಬ ಕಾರಣಕ್ಕೇ ಹಾಕಿಕೊಂಡು ಹಿಗ್ಗಿದವರು ಒಂದು ಕಡೆ; ಫೈರ್‌ಫಾಕ್ಸಿಗೆ ಬಣ್ಣ ಬಳಿದರೆ ಹೊಸ ಬ್ರೌಸರಾಗುತ್ತದೆಯೇ ಎಂದು ಮೂಗು ಮುರಿದವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ರೌಸರಿನ ಯಂತ್ರವನ್ನು ಬುಡದಿಂದ ಬರೆಯುವುದು ಕೆಲವೇ ದೊಡ್ಡ ಸಂಸ್ಥೆಗಳಿಗೆ ಸಾಧ್ಯವಾದ ಕೆಲಸ. ಉಳಿದವರೆಲ್ಲ ತೆರೆದ ಮೂಲದ ಯಂತ್ರ ತೆಗೆದುಕೊಂಡೇ ಕಟ್ಟುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಕೊರತೆ ಇದ್ದದ್ದು ಬೇರೆಡೆ. ಕನ್ನಡ ಓದುಗರನ್ನು ಅಂದಿಗೂ ಕಾಡುತ್ತಿದ್ದ ತೊಂದರೆಗಳೆಂದರೆ ಎಕ್ಸ್‌ಪಿಯ ಆ ಚೌಕ, ಹಳೆಯ ಫಾಂಟಿನ ತಾಣಗಳು, ಕೆಟ್ಟ ಅರ್ಕಾವತ್ತು. ಬೆಂಗಳೂರಿನಲ್ಲಿ ಹುಟ್ಟಿದ ಬ್ರೌಸರಿಗೆ ಇವನ್ನು ಎಲ್ಲರಿಗಿಂತ ಮೊದಲು ಬಿಡಿಸುವ ಅವಕಾಶವಿತ್ತು. ಅದು ಹೆಚ್ಚು ಗಮನ ಕೊಟ್ಟದ್ದು ಅಲಂಕಾರಕ್ಕೆ. ಟೈಪಿಂಗ್ ಸೌಲಭ್ಯ ನಿಜಕ್ಕೂ ಉಪಯುಕ್ತವಾಗಿತ್ತು, ಆದರೆ ಆ ಹೊತ್ತಿಗೆ ಬರಹವೂ ನುಡಿಯೂ ಜನರ ಬೆರಳಿಗೆ ಅಂಟಿದ್ದವು.

2013ರ ಆಗಸ್ಟಿನಲ್ಲಿ ಅದೇ ಸಂಸ್ಥೆ ಎಪಿಕ್ಕನ್ನು ಪೂರಾ ಬದಲಿಸಿತು. ಫೈರ್‌ಫಾಕ್ಸಿನ ಯಂತ್ರ ಹೋಗಿ ಕ್ರೋಮಿನ ಮೂಲವಾದ ಕ್ರೋಮಿಯಂ ಬಂತು. ಭಾರತೀಯ ಹಿನ್ನೆಲೆಗಳು, ಪಕ್ಕದ ಪಟ್ಟಿ ಎಲ್ಲ ಹೋಗಿ ಖಾಸಗಿತನ ಕಾಯುವುದೊಂದೇ ಗುರಿಯಾಯಿತು. ಮುಚ್ಚಿದೊಡನೆ ಓಡಾಟದ ಜಾಡನ್ನೆಲ್ಲ ಅಳಿಸುವ, ಹಿಂಬಾಲಿಸುವ ಜಾಹೀರಾತುಗಳನ್ನು ತಡೆಯುವ ಬ್ರೌಸರಾಗಿ ಅದು ಹೊರದೇಶಗಳಲ್ಲೂ ಬಳಕೆದಾರರನ್ನು ಪಡೆಯಿತು. ದೇಶೀಯತೆಯನ್ನು ಬಿಟ್ಟ ಮೇಲೆ ಅದಕ್ಕೆ ಸ್ಪಷ್ಟ ವ್ಯಕ್ತಿತ್ವ ಸಿಕ್ಕಿತು ಎಂಬುದು ಸೋಜಿಗ.

ಅಷ್ಟು ಹೊತ್ತಿಗೆ ಹಳ್ಳಿಗಳಲ್ಲಿ ಬ್ರೌಸರ್ ಎಂದರೆ ಕಂಪ್ಯೂಟರೇ ಅಲ್ಲ. 2006ರಿಂದ ಲೋಕದಾದ್ಯಂತ ಸಿಗತೊಡಗಿದ ಒಪೆರಾ ಮಿನಿ, ಗುಂಡಿಗಳಿರುವ ಸಾಧಾರಣ ಫೋನಿನಲ್ಲೂ ಓಡುತ್ತಿತ್ತು. ಪುಟ ಮೊದಲು ಒಪೆರಾ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿ ಹಿಂಡಿ ಚಿಕ್ಕದಾಗಿ ಫೋನಿಗೆ ಬರುತ್ತಿತ್ತು; ಡೇಟಾಕ್ಕೆ ಕಿಲೋಬೈಟ್ ಲೆಕ್ಕದಲ್ಲಿ ಕಾಸು ಕೊಡುತ್ತಿದ್ದ ದಿನಗಳಲ್ಲಿ ಅದು ದೊಡ್ಡ ಉಳಿತಾಯ. ಅಂಥ ಫೋನುಗಳಲ್ಲಿ ಕನ್ನಡ ಫಾಂಟು ಇರಲಿಲ್ಲವಾದ್ದರಿಂದ ಕನ್ನಡ ಪುಟವೆಂದರೆ ಖಾಲಿ ಚೌಕಗಳ ಸಾಲು. ಇದಕ್ಕೊಂದು ಗುಟ್ಟಿನ ಪರಿಹಾರವಿತ್ತು. ವಿಳಾಸದ ಜಾಗದಲ್ಲಿ ‘ಒಪೆರಾ ಕಾನ್ಫಿಗ್’ ಎಂದು ಹೊಡೆದರೆ ಗುಪ್ತ ಪಟ್ಟಿಯೊಂದು ತೆರೆಯುತ್ತಿತ್ತು. ಅದರ ಕೊನೆಯಲ್ಲಿ ಸಂಕೀರ್ಣ ಲಿಪಿಗಳನ್ನು ಚಿತ್ರವಾಗಿ ಕಳಿಸಬೇಕೇ ಎಂಬ ಪ್ರಶ್ನೆ. ಹೌದು ಎಂದರೆ ಕನ್ನಡ ಮೂಡುತ್ತಿತ್ತು. ಅಕ್ಷರಗಳನ್ನು ಚಿತ್ರವಾಗಿಸುವ ಹಳೆಯ ಉಪಾಯವೇ ಹತ್ತು ವರ್ಷ ಕಳೆದು ಅಂಗೈಗೆ ಬಂದಿತ್ತು. ಈ ಗುಟ್ಟು ಬಾಯಿಂದ ಬಾಯಿಗೆ ಹರಡಿದ ವೇಗ, ಯಾವ ಬ್ರೌಸರಿನ ಜಾಹೀರಾತಿಗೂ ಸಿಕ್ಕದ ವೇಗ.

ಆಂಡ್ರಾಯ್ಡ್ ಫೋನುಗಳ ಮೊದಲ ಆವೃತ್ತಿಗಳೂ ಕನ್ನಡಕ್ಕೆ ಚೌಕಗಳನ್ನೇ ತೋರಿಸಿದವು. ಕನ್ನಡ, ತೆಲುಗು, ಮಲಯಾಳ ಲಿಪಿಗಳಿಗೆ ಬೆಂಬಲ ಬಂದದ್ದು 2012ರ ಜೆಲ್ಲಿ ಬೀನ್ ಆವೃತ್ತಿಯಲ್ಲಿ. ಅದೇ ವರ್ಷ ರಾಜ್ಯ ಸರಕಾರವೂ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿತು. ಪತ್ರಿಕೆಗಳು ಹಳೆಯ ಫಾಂಟುಗಳನ್ನು ಒಂದೊಂದಾಗಿ ಕೈಬಿಟ್ಟಿದ್ದೂ ಆ ಆಸುಪಾಸಿನಲ್ಲೇ. 2016ರ ಸೆಪ್ಟೆಂಬರಿನಲ್ಲಿ ಜಿಯೊ 4ಜಿ ಸೇವೆ ಬಂದ ಮೇಲೆ ಡೇಟಾ ಉಳಿಸುವ ಬ್ರೌಸರುಗಳ ಬೆಲೆ ಇಳಿಯಿತು. ಚೀನಾ ಮೂಲದ ಯುಸಿ ಬ್ರೌಸರ್ ಕೆಲಕಾಲ ಭಾರತದ ಫೋನುಗಳಲ್ಲಿ ಮೇಲುಗೈ ಪಡೆದು, 2020ರ ಜೂನ್ 29ರಂದು ಕೇಂದ್ರ ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಒಂದಾಗಿ ಮರೆಯಾಯಿತು.

ಒತ್ತಕ್ಷರದ ಪ್ರಶ್ನೆ ಬಗೆಹರಿದದ್ದು ಯಾವ ಒಂದು ಬ್ರೌಸರಿನ ಗೆಲುವಿನಿಂದಲೂ ಅಲ್ಲ. 2010ರ ದಶಕದಲ್ಲಿ ಫೈರ್‌ಫಾಕ್ಸೂ ಕ್ರೋಮೂ ಹಾರ್ಫ್‌ಬಜ್ ಎಂಬ ಒಂದೇ ತೆರೆದ ಮೂಲದ ಅಕ್ಷರ ಜೋಡಣೆ ಘಟಕವನ್ನು ಅಳವಡಿಸಿಕೊಂಡವು. ಅಲ್ಲಿಗೆ ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಎಂಬ ಪಾಡು ತಪ್ಪಿತು. ಪುಟದ ಜೊತೆ ಫಾಂಟು ಕಳಿಸುವ 1997ರ ಕನಸು ಕೂಡ ವೋಫ್ ಎಂಬ ಸರ್ವಸಮ್ಮತ ರೂಪ ಪಡೆದು 2012ರ ಡಿಸೆಂಬರಿನಲ್ಲಿ ಅಧಿಕೃತ ಶಿಷ್ಟತೆಯಾಯಿತು. ಈಗ ಕಳಿಸುವುದು ವೇಷದ ಫಾಂಟನ್ನಲ್ಲ, ನಿಜವಾದ ಯೂನಿಕೋಡ್ ಫಾಂಟನ್ನು. ಅಂದಚಂದದ ಕನ್ನಡ ಫಾಂಟುಗಳು ಇನ್ನೂ ಬೆರಳೆಣಿಕೆಯಷ್ಟೇ ಇವೆ ಎಂಬುದು ಉಳಿದ ದೂರು.

ಬ್ರೌಸರಿನಲ್ಲಿ ಕನ್ನಡ ಇಂದಿಗೂ ಪೂರ್ತಿ ಒಳಬರದ ಜಾಗವೊಂದಿದೆ: ವಿಳಾಸಪಟ್ಟಿ. ಕನ್ನಡ ವಿಕಿಪೀಡಿಯದ ಲೇಖನವೊಂದರ ವಿಳಾಸ ಪಟ್ಟಿಯಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಅದನ್ನು ನಕಲಿಸಿ ವಾಟ್ಸ್ಆ್ಯಪಿನಲ್ಲಿ ಅಂಟಿಸಿದರೆ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಗುರುತಿನ ಮುಂದಿನ ಎರಡು ಅಂಕಿ-ಅಕ್ಷರಗಳಾಗಿ ಒಡೆದುಕೊಳ್ಳುತ್ತದೆ. ‘ಮಂಡ್ಯ’ ಎಂಬ ಪುಟ್ಟ ಹೆಸರು ಹೀಗೆ 45 ಚಿಹ್ನೆಗಳ ಸರಪಳಿಯಾಗುತ್ತದೆ. ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಕೊನೆಗೊಳ್ಳುವ ತಾಣದ ಹೆಸರುಗಳು ದೊರೆಯುತ್ತಿವೆ. ಆದರೆ ಒಂದು ಲಿಪಿಯನ್ನು ಇನ್ನೊಂದರ ಜೊತೆ ಬೆರೆಸಿ ಮೋಸ ಮಾಡುವವರಿದ್ದಾರೆಂಬ ಭಯದಿಂದ ಬ್ರೌಸರುಗಳು ಅನುಮಾನ ಬಂದ ಹೆಸರನ್ನು ರೋಮನ್ ಸಂಕೇತಕ್ಕೆ ತಿರುಗಿಸಿ ತೋರಿಸುತ್ತವೆ.

ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ತೆರೆ ಎಳೆಯಿತು. ಅದನ್ನೇ ನಂಬಿ ಕಟ್ಟಿದ ಕಚೇರಿ ತಾಣಗಳನ್ನು ಅದೇ ಕಂಪನಿಯ ಎಡ್ಜ್ ಬ್ರೌಸರಿನೊಳಗಿನ ಹಳೆಯ ರೂಢಿಯ ವಿಧಾನದಲ್ಲಿ ತೆರೆಯುವ ವ್ಯವಸ್ಥೆಯಾಯಿತು. ಮರುವರ್ಷ ಆಗಸ್ಟಿನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ದೇಶೀಯ ಬ್ರೌಸರಿಗಾಗಿ ಸ್ಪರ್ಧೆಯೊಂದನ್ನು ಘೋಷಿಸಿತು. ಅದನ್ನು ನಡೆಸಿಕೊಟ್ಟವರಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಕೇಂದ್ರವೂ ಸೇರಿತ್ತು. ಬಹುಮಾನದ ಒಟ್ಟು ಮೊತ್ತ 3 ಕೋಟಿ ರೂಪಾಯಿಗೂ ಹೆಚ್ಚು. ಭಾರತದ ಪ್ರಮಾಣಪತ್ರ ಪ್ರಾಧಿಕಾರವನ್ನು ಬ್ರೌಸರು ತಾನಾಗಿ ನಂಬಬೇಕು, ದಾಖಲೆಗಳಿಗೆ ಅದರೊಳಗಿಂದಲೇ ಡಿಜಿಟಲ್ ಸಹಿ ಹಾಕುವಂತಿರಬೇಕು ಎಂಬುವು ಮುಖ್ಯ ಬೇಡಿಕೆಗಳು. 2025ರ ಮಾರ್ಚಿನಲ್ಲಿ ಫಲಿತಾಂಶ ಪ್ರಕಟವಾದಾಗ 1 ಕೋಟಿ ರೂಪಾಯಿಯ ಮೊದಲ ಬಹುಮಾನ, ಚೆನ್ನೈ ಮೂಲದ ಜೋಹೊ ಸಂಸ್ಥೆಯ ತಂಡಕ್ಕೆ ಹೋಯಿತು. ಆ ಸಂಸ್ಥೆ 2023ರಲ್ಲೇ ‘ಉಲಾ’ ಎಂಬ ಬ್ರೌಸರನ್ನು ಬಿಡುಗಡೆ ಮಾಡಿತ್ತು. ಅದರ ಯಂತ್ರವೂ ಕ್ರೋಮಿಯಂ.